ದಾವಣಗೆರೆಯಲ್ಲಿ ಪಾರ್ಸೆಲ್ ಗಾಡಿ ಓಡಿಸುವ ಕೆಲಸ: ತಲುಪದ ಪಾರ್ಸೆಲ್‌ನ ಖರ್ಚು ಯಾರ ಮೇಲೆ?

ಆನಗೋಡು ಹುಡುಗ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಅಪ್ಪನ ಟಾಟಾ ಏಸ್ ಇದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆ ಎಪಿಎಂಸಿಗೆ ಬಾಡಿಗೆ ಸಿಗುತ್ತೆ. ಉಳಿದ ತಿಂಗಳು ಗಾಡಿ ಸುಮ್ನೆ ಮನೆ ಮುಂದೆ ನಿಂತಿರುತ್ತೆ. ಈಗ ದಾವಣಗೆರೆಯ ಒಂದು ಪಾರ್ಸೆಲ್ ಹಬ್‌ಗೆ ಸ್ವಂತ ಗಾಡಿ ಇರುವ ಡ್ರೈವರ್ ಬೇಕಂತೆ. ಒಂದು ಪಾರ್ಸೆಲ್‌ಗೆ ಇಷ್ಟು ಅಂತ ಲೆಕ್ಕ. ಡೀಸೆಲ್ ನಮ್ಮದೇ. ರೂಟ್ ಜಗಳೂರು ಕಡೆಯ ಹಳ್ಳಿಗಳು ಅಂದಿದ್ದಾರೆ.

ನನ್ನ ಹತ್ತಿರ ಇರುವುದು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್, ಅದರಲ್ಲಿ ಟ್ರಾನ್ಸ್‌ಪೋರ್ಟ್ ಅಂತ ಇಲ್ಲ. ಅದು ಸಾಕಾ? ಪಾರ್ಸೆಲ್‌ಗೆ ಎಷ್ಟು ಕೊಟ್ಟರೆ ಗಿಟ್ಟುತ್ತೆ? ಅಮ್ಮ ಅಂತೂ ಪೋಸ್ಟ್ ಆಫೀಸಿನ ಜಿಡಿಎಸ್ (ಗ್ರಾಮೀಣ ಡಾಕ್ ಸೇವಕ) ಕೆಲಸಕ್ಕೆ ಅರ್ಜಿ ಹಾಕು ಅಂತ ಹಿಡಿದುಕೊಂಡಿದ್ದಾರೆ. ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ವಿದ್ಯಾನಗರ ಲಾಸ್ಟ್ ಸ್ಟಾಪ್

ಲೈಸೆನ್ಸ್ ಸಾಕು ತಮ್ಮ. ಒಟ್ಟು ತೂಕ 7,500 ಕೆ.ಜಿ. ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿಯನ್ನು ಎಲ್‌ಎಂವಿ ಲೈಸೆನ್ಸ್ ಇದ್ದವರು ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ. ಏಸ್ ಅದರೊಳಗೆ ಆರಾಮಾಗಿ ಬರುತ್ತೆ. 3,000 ಕೆ.ಜಿ. ಒಳಗಿನ ಗೂಡ್ಸ್ ಗಾಡಿಗೆ ಪರ್ಮಿಟ್ ಕೂಡ ಬೇಡ.

ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಮಾತ್ರ ನೋಡಿಕೊಳ್ಳಿ. ಗಾಡಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ಸುಗ್ಗಿಯಲ್ಲಿ ಮಾತ್ರ ಓಡುವ ಗಾಡಿಗಳ ಎಫ್‌ಸಿ ಮುಗಿದಿರುವುದು ಎಷ್ಟೋ ಸಲ ಮನೆಯವರಿಗೇ ಗೊತ್ತಿರುವುದಿಲ್ಲ. ಮೊದಲು ಆರ್‌ಸಿ ತೆಗೆದು ನೋಡಿ.

ಹರಿಹರದ ಏಸ್

ಆನಗೋಡು ತಮ್ಮ, ಪಾರ್ಸೆಲ್‌ಗೆ ಎಷ್ಟು ಕೊಡುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದು ಇದೆ. ತಲುಪದೆ ವಾಪಸ್ ಬಂದ ಪಾರ್ಸೆಲ್‌ಗೆ ಏನು ಕೊಡುತ್ತಾರೆ? ಹೆಚ್ಚಿನ ಕಡೆ ಅದಕ್ಕೆ ಉತ್ತರ ಸೊನ್ನೆ. ಈ ಕೆಲಸದಲ್ಲಿ ಉಳಿಯುವವನು ಯಾರು, ಬಿಟ್ಟು ಹೋಗುವವನು ಯಾರು ಅಂತ ತೀರ್ಮಾನ ಆಗುವುದು ಅಲ್ಲೇ.

ಲೆಕ್ಕ ಹಾಕಿ ತೋರಿಸುತ್ತೇನೆ. ಇವು ಅರ್ಥವಾಗಲಿ ಅಂತ ಹಾಕಿದ ಅಂಕಿಗಳು. ನಿಮ್ಮ ಹಬ್‌ನ ದರ, ನಿಮ್ಮ ಗಾಡಿಯ ಮೈಲೇಜ್ ಹಾಕಿಕೊಂಡು ನೀವೇ ಮತ್ತೆ ಮಾಡಿ ನೋಡಿ. ಬೆಳಗ್ಗೆ 60 ಪಾರ್ಸೆಲ್ ತುಂಬಿದಿರಿ ಅಂದುಕೊಳ್ಳಿ. ಒಂದಕ್ಕೆ 15 ರೂಪಾಯಿ. ಎಲ್ಲ ತಲುಪಿದರೆ 900. ಜಗಳೂರು ಕಡೆ ಹೋಗಿ, ಹಳ್ಳಿ ಸುತ್ತಿ ಬಂದರೆ ನೂರು ಕಿಲೋಮೀಟರ್ ದಾಟುತ್ತೆ. 105 ಅಂತ ಇಟ್ಟುಕೊಳ್ಳಿ. ಲೀಟರ್‌ಗೆ 15 ಕಿ.ಮೀ. ಕೊಟ್ಟರೆ 7 ಲೀಟರ್ ಡೀಸೆಲ್. ಲೀಟರ್‌ಗೆ 90 ರೂಪಾಯಿ ಹಿಡಿದರೆ 630. ಎಲ್ಲ ತಲುಪಿದರೂ ಕೈಗೆ 270. ಆದರೆ ಎಲ್ಲವೂ ತಲುಪುವ ದಿನ ಬಹಳ ಅಪರೂಪ. ಹದಿನೈದು ವಾಪಸ್ ಬಂದವು ಅನ್ನಿ. ಆಗ ದುಡಿಮೆ 675. ಡೀಸೆಲ್ ಅಷ್ಟೇ ಆಗಿರುತ್ತೆ, 630. ಉಳಿದದ್ದು 45 ರೂಪಾಯಿ. ಟೈರು, ಎಂಜಿನ್ ಆಯಿಲ್, ಇನ್ಶೂರೆನ್ಸ್, ಮಧ್ಯಾಹ್ನದ ಊಟ ಎಲ್ಲ ಅದರಲ್ಲೇ ಬರಬೇಕು. ಮತ್ತೆ ಆ ಹದಿನೈದು ಪಾರ್ಸೆಲ್ ನಾಳೆ ಬೆಳಗ್ಗೆ ನಿಮ್ಮ ಗಾಡಿಯಲ್ಲೇ ಕೂತಿರುತ್ತವೆ. ಎರಡು ಸಲ ಹೊತ್ತು ತಿರುಗಿ ಒಂದು ಸಲ ದುಡ್ಡು.

ಅದೇ 60 ಪಾರ್ಸೆಲ್ ಸಿಟಿ ಒಳಗೆ ಆದರೆ ನೋಡಿ. ಎಂಸಿಸಿ ಎ ಬ್ಲಾಕ್, ಬಿ ಬ್ಲಾಕ್, ವಿದ್ಯಾನಗರ ಸುತ್ತಿ 30 ಕಿ.ಮೀ. ಓಡಿದರೆ 2 ಲೀಟರ್, 180 ರೂಪಾಯಿ. ಹದಿನೈದು ವಾಪಸ್ ಬಂದರೂ 495 ಉಳಿಯುತ್ತೆ. ಅದೇ ದರ, ಅದೇ ಗಾಡಿ, ಅಷ್ಟೇ ಪಾರ್ಸೆಲ್. ಹಳ್ಳಿಗೂ ಸಿಟಿಗೂ ಒಂದೇ ದರ ಇಟ್ಟವರು ಹಳ್ಳಿ ದಾರಿಯ ಖರ್ಚನ್ನು ನೇರವಾಗಿ ಡ್ರೈವರ್ ಜೇಬಿಗೆ ಹಾಕುತ್ತಿದ್ದಾರೆ ಅಂತಲೇ ಅರ್ಥ.

ಹಾಗಾಗಿ ನನ್ನ ಸಲಹೆ ಇಷ್ಟೇ. ಜಗಳೂರು ರೂಟ್ ಕೊಡುವುದಾದರೆ ಪಾರ್ಸೆಲ್ ಲೆಕ್ಕ ಬೇಡ. ತಿಂಗಳ ಬಾಡಿಗೆ ಕೇಳಿ, ಅಥವಾ ಕಿಲೋಮೀಟರ್ ಲೆಕ್ಕ ಕೇಳಿ. ಕೊಡಲ್ಲ ಅಂದರೆ ಆ ರೂಟ್ ಬಿಟ್ಟುಬಿಡಿ. ನಾನು ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಈ ಕೆಲಸ ನನಗೆ ಇಷ್ಟ, ಇದರಲ್ಲೇ ಮನೆ ನಡೆಸಿದ್ದೇನೆ. ಹೊಸ ಹುಡುಗರು ಮೊದಲ ಎರಡು ತಿಂಗಳಲ್ಲೇ ಸಾಲ ಮಾಡಿಕೊಂಡು ಹೋಗುವುದನ್ನು ನೋಡಲಾಗದೆ ಹೇಳುತ್ತಿದ್ದೇನೆ.

ಆನಗೋಡು ಹುಡುಗ

ಅಣ್ಣಾ, ಇದನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಒಂದು ಅನುಮಾನ. ಅಷ್ಟೊಂದು ಪಾರ್ಸೆಲ್ ಯಾಕೆ ವಾಪಸ್ ಬರುತ್ತವೆ? ಜನ ಬೇಕು ಅಂತಲೇ ತರಿಸಿರುತ್ತಾರಲ್ವಾ?

ವಿದ್ಯಾನಗರ ಲಾಸ್ಟ್ ಸ್ಟಾಪ್

ಬೇಕು ಅಂತಲೇ ತರಿಸಿರುತ್ತಾರೆ. ಆದರೂ ಆಗಲ್ಲ. ಕಾರಣ ಕೇಳಿ.

ಮೊದಲನೆಯದು ಓಟಿಪಿ. ಮಗ ಬೆಂಗಳೂರಿನಲ್ಲಿ ಇರುತ್ತಾನೆ. ಅಪ್ಪ ಅಮ್ಮ ಇಲ್ಲಿ ನಿಟ್ಟುವಳ್ಳಿಯಲ್ಲೋ ಕೆಟಿಜೆ ನಗರದಲ್ಲೋ ಇರುತ್ತಾರೆ. ಅವರಿಗೆ ಬಿಪಿ ಮೆಷಿನ್, ಮಿಕ್ಸಿ, ಮಾತ್ರೆ ಎಲ್ಲ ಮಗನೇ ಆರ್ಡರ್ ಮಾಡಿರುತ್ತಾನೆ. ಓಟಿಪಿ ಅವನ ಫೋನಿಗೆ ಹೋಗುತ್ತೆ. ನಾನು ಬಾಗಿಲಲ್ಲಿ ನಿಂತು ಕೇಳುವ ಹೊತ್ತಿಗೆ ಅವನು ಮೀಟಿಂಗ್‌ನಲ್ಲಿ ಇರುತ್ತಾನೆ. ಅಮ್ಮ ಪಾರ್ಸೆಲ್ ಕೈಯಲ್ಲಿ ಹಿಡಿದುಕೊಂಡು, "ಕೊಟ್ಟು ಹೋಗ್ರೀ, ಆಮ್ಯಾಗೆ ಹೇಳ್ತಾನೆ" ಅನ್ನುತ್ತಾರೆ. ಕೊಟ್ಟು ಹೋದರೆ ಆ ಪಾರ್ಸೆಲ್‌ನ ದುಡ್ಡು ನನ್ನ ಲೆಕ್ಕಕ್ಕೆ ಬರುತ್ತೆ. ಅವರ ಕೈಯಿಂದ ಅದನ್ನು ವಾಪಸ್ ತೆಗೆದುಕೊಳ್ಳುವುದು ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಕಷ್ಟ.

ಎರಡನೆಯದು ಫೋನ್ ಎತ್ತದಿರುವುದು. ಜನರನ್ನು ದೂರುವಂತಿಲ್ಲ. ಅಂಚೆ ಇಲಾಖೆ ಹೆಸರಲ್ಲಿ, ಕೊರಿಯರ್ ಹೆಸರಲ್ಲಿ "ನಿಮ್ಮ ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ" ಅಂತ ಮೋಸದ ಮೆಸೇಜ್‌ಗಳು ಬರುತ್ತವೆ. ಅದನ್ನು ನೋಡಿದವರು ಗೊತ್ತಿಲ್ಲದ ನಂಬರ್ ಎತ್ತುವುದೇ ಇಲ್ಲ. ನಿಜವಾದ ಡೆಲಿವರಿ ಹುಡುಗ ಯಾವತ್ತೂ ಲಿಂಕ್ ಕಳಿಸಲ್ಲ, ವಿಳಾಸ ಸರಿಮಾಡಲು ದುಡ್ಡು ಕೇಳಲ್ಲ. ಇದನ್ನು ನಿಮ್ಮ ಮನೆಯಲ್ಲೂ ಹೇಳಿಡಿ.

ಮೂರನೆಯದು ಕ್ಯಾಶ್ ಆನ್ ಡೆಲಿವರಿ. ಆರ್ಡರ್ ಮಾಡಿದ ದಿನ ದುಡ್ಡು ಇತ್ತು, ಬಂದ ದಿನ ಇಲ್ಲ. ಹಳ್ಳಿ ಕಡೆ ಇನ್ನೂ ಜಾಸ್ತಿ. ಸಂತೆ ದಿನ ಬನ್ನಿ, ಹಾಲಿನ ದುಡ್ಡು ಬಟವಾಡೆ ಆದ ಮೇಲೆ ಬನ್ನಿ ಅನ್ನುತ್ತಾರೆ.

ಉಳಿದದ್ದು ವಿಳಾಸ. ಅದರ ಬಗ್ಗೆ ಬೇರೆಯವರು ಹೇಳಲಿ.

ಬಟವಾಡೆ ಅಜ್ಜ

ನಾನು ಪೋಸ್ಟ್‌ಮ್ಯಾನ್ ಆಗಿ ನಿವೃತ್ತನಾದವನು. ಸೈಕಲ್‌ನಲ್ಲಿ ಬೀಟ್ (ದಿನದ ಬಟವಾಡೆ ಸುತ್ತು) ಮಾಡಿದ ಕಾಲದವನು. ವಿಳಾಸದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಓದಿಕೊಳ್ಳಿ ಮಕ್ಕಳೇ. ಇದು ಗೊತ್ತಿದ್ದರೆ ನಿಮ್ಮ ಡೀಸೆಲ್ ಉಳಿಯುತ್ತೆ.

ಮೊದಲು ಪಿನ್ ಕೋಡ್ ನೋಡುವುದನ್ನು ಕಲಿಯಿರಿ. ಪಿನ್ ಬಂದದ್ದು 1972ರ ಆಗಸ್ಟ್ 15ರಂದು. ಆರು ಅಂಕಿಯಲ್ಲಿ ಮೊದಲ ಮೂರು ಅಂಕಿ ಟಪಾಲು ಯಾವ ವಿಂಗಡಣೆ ಜಿಲ್ಲೆಗೆ ಸೇರುತ್ತೆ ಅಂತ ಹೇಳುತ್ತವೆ. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಆಫೀಸನ್ನು ಹೇಳುತ್ತವೆ. ನಮ್ಮದು 577. ಆದರೆ 577 ಅಂದರೆ ದಾವಣಗೆರೆ ಮಾತ್ರ ಅಲ್ಲ. 577001 ದಾವಣಗೆರೆ, 577101 ಚಿಕ್ಕಮಗಳೂರು, 577201 ಶಿವಮೊಗ್ಗ, 577501 ಚಿತ್ರದುರ್ಗ, 577601 ಹರಿಹರ. ನಾಲ್ಕು ಜಿಲ್ಲೆ ಒಂದೇ 577ರಲ್ಲಿ ಇವೆ. ಬರೆಯುವವರು ಒಂದು ಅಂಕಿ ತಪ್ಪಿದರೆ ಚಿತ್ರದುರ್ಗದ ಪಾರ್ಸೆಲ್ ದಾವಣಗೆರೆಯಲ್ಲಿ ಇಳಿಯುತ್ತೆ. ಬೆಳಗ್ಗೆ ಗಾಡಿ ತುಂಬುವಾಗಲೇ ಪಿನ್ ಮತ್ತು ಊರಿನ ಹೆಸರು ಹೊಂದುತ್ತವೆಯೇ ಅಂತ ನೋಡಿದರೆ ದಾರಿಗೆ ಹೋದ ಮೇಲೆ ಪರದಾಡುವುದು ತಪ್ಪುತ್ತೆ.

ಜಿಲ್ಲೆಯ ಹೆಸರನ್ನು ನಂಬಬೇಡಿ. ಅದು ಬದಲಾಗುತ್ತಾ ಬಂದಿದೆ, ಪಿನ್ ಹಾಗೇ ಇದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಅದಕ್ಕೂ ಮೊದಲು ನಾವು ಚಿತ್ರದುರ್ಗ ಜಿಲ್ಲೆ. ಜಿಲ್ಲೆಯಾಗಿ ಎಷ್ಟೋ ವರ್ಷವಾದ ಮೇಲೂ ಲಕೋಟೆ ಮೇಲೆ "ದಾವಣಗೆರೆ, ಚಿತ್ರದುರ್ಗ ಜಿಲ್ಲೆ" ಅಂತಲೇ ಬರುತ್ತಿತ್ತು. ಚನ್ನಗಿರಿ, ಹೊನ್ನಾಳಿ ಆಗ ಶಿವಮೊಗ್ಗದಿಂದ ನಮಗೆ ಬಂದವು. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ಬಳ್ಳಾರಿಗೆ ವಾಪಸ್ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದಕ್ಕೆ ಸೇರಿತು. ಆನ್‌ಲೈನ್ ವಿಳಾಸದಲ್ಲಿ ಇವತ್ತಿಗೂ ಕೆಲವರು ಹರಪನಹಳ್ಳಿಗೆ ದಾವಣಗೆರೆ ಜಿಲ್ಲೆ ಅಂತ ಒತ್ತುತ್ತಾರೆ. ಅದರ ಪಿನ್ 583131. ಶುರುವಿನಿಂದಲೂ ಬಳ್ಳಾರಿ ಸಾಲಿನದು. ಪಿನ್ ನೋಡಿದವನು ಎಡವಲ್ಲ.

ಇನ್ನು ಊರೊಳಗಿನ ವಿಷಯ. ದಾವಣಗೆರೆಯಲ್ಲಿ ಬಡಾವಣೆಗೊಂದು ಮೇನ್, ಒಂದು ಕ್ರಾಸ್. "3ನೇ ಮೇನ್, 7ನೇ ಕ್ರಾಸ್, ದಾವಣಗೆರೆ" ಅಂತ ಬರೆದರೆ ಯಾವ ಬಡಾವಣೆಯದು ಅಂತ ಹುಡುಕುವುದು? ಪಿ.ಜೆ. ಬಡಾವಣೆಯಲ್ಲೂ ಇದೆ, ನಿಟ್ಟುವಳ್ಳಿಯಲ್ಲೂ ಇದೆ, ವಿನೋಬನಗರದಲ್ಲೂ ಇದೆ. ಹಳೇ ಊರಿನಲ್ಲಿ ಹಾಗಲ್ಲ. ಮಂಡಿಪೇಟೆ, ಕಾಳಿಕಾದೇವಿ ರಸ್ತೆ ಕಡೆ ಮನೆ ನಂಬರ್‌ಗಿಂತ ಮನೆತನದ ಹೆಸರು, ಅಂಗಡಿ ಹೆಸರು ಮುಖ್ಯ. ಅಲ್ಲಿ ಒಬ್ಬ ಕಿರಾಣಿ ಅಂಗಡಿಯವರನ್ನು, ಒಬ್ಬ ಕಟಿಂಗ್ ಶಾಪಿನವರನ್ನು ಪರಿಚಯ ಮಾಡಿಕೊಳ್ಳಿ. ಇಡೀ ಬೀದಿ ಅವರಿಗೆ ಗೊತ್ತಿರುತ್ತೆ. ನಮ್ಮ ಕಾಲದಲ್ಲಿ ಬೀಟ್ ಅಂದರೆ ಅದೇ. ಹೊಸ ಪೋಸ್ಟ್‌ಮ್ಯಾನ್ ಬಂದರೆ ಹಳಬನ ಜೊತೆ ಬೀದಿ ತಿರುಗಿ ಮನೆ ಕಲಿಯಬೇಕಿತ್ತು. ಈಗಿನ ಹಬ್‌ಗಳಲ್ಲಿ ಹುಡುಗನ ಕೈಗೆ ಫೋನ್ ಕೊಟ್ಟು ಮೊದಲ ದಿನವೇ ಒಬ್ಬನನ್ನೇ ಬಿಡುತ್ತಾರೆ. ಮ್ಯಾಪ್ ರಸ್ತೆ ತೋರಿಸುತ್ತೆ. ಆ ಮನೆಯವರು ಹೊಲಕ್ಕೆ ಹೋಗಿದ್ದಾರೆ, ಸಂಜೆ ಐದಕ್ಕೆ ಬರುತ್ತಾರೆ ಅಂತ ಮ್ಯಾಪ್ ಹೇಳಲ್ಲ. ಅದು ಗೊತ್ತಿರುವವನಿಗೆ ಬೆಲೆ ಕೊಡಬೇಕು. ರೂಟ್‌ನಿಂದ ರೂಟ್‌ಗೆ ಹುಡುಗರನ್ನು ಎತ್ತಿ ಎತ್ತಿ ಹಾಕುವುದು ತಪ್ಪು ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ಹರಿಹರದ ಏಸ್

ಅಜ್ಜಾರು ಹೇಳಿದ ಕೊನೆಯ ಮಾತು ಪೂರ್ತಿ ನಿಜ. ಒಂದೇ ರೂಟ್‌ನಲ್ಲಿ ಆರು ತಿಂಗಳು ಓಡಿದವನ ಗಾಡಿಯಿಂದ ವಾಪಸ್ ಬರುವ ಪಾರ್ಸೆಲ್ ಅರ್ಧಕ್ಕೆ ಅರ್ಧ ಕಮ್ಮಿ ಆಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎಂಸಿಸಿ ಬಿ ಬ್ಲಾಕ್ ನಿವಾಸಿ

ನಾನು ಗ್ರಾಹಕಿ. ನನ್ನ ಮಾತನ್ನೂ ಕೇಳಿ. ನಾನು ಇಡೀ ದಿನ ಮನೆಯಲ್ಲೇ ಇರುತ್ತೇನೆ. ಗೇಟಿಗೆ ಬೀಗ ಹಾಕಿರುವುದಿಲ್ಲ. ಆದರೂ ಸಂಜೆ "ಡೆಲಿವರಿಗೆ ಬಂದಿದ್ದೆವು, ಮನೆ ಬಾಗಿಲು ಹಾಕಿತ್ತು" ಅಂತ ಮೆಸೇಜ್ ಬರುತ್ತೆ. ಫೋನ್ ಬಂದಿರುವುದಿಲ್ಲ. ಮಾವನವರ ಔಷಧಿ ಹೀಗೆ ತಡವಾಗಿದೆ. ನಿಮ್ಮ ಕಷ್ಟ ಅರ್ಥವಾಗುತ್ತೆ. ಆದರೆ ಸುಳ್ಳು ಯಾಕೆ ಹಾಕಬೇಕು?

ವಿದ್ಯಾನಗರ ಲಾಸ್ಟ್ ಸ್ಟಾಪ್

ಅಕ್ಕಾ, ನಿಮ್ಮ ಸಿಟ್ಟು ಸರಿಯಾಗಿದೆ. ಸುಳ್ಳು ಸ್ಟೇಟಸ್ ಹಾಕುವುದು ತಪ್ಪೇ. ಅದರ ಹಿಂದೆ ಏನು ನಡೆಯುತ್ತೆ ಅಂತ ಹೇಳುತ್ತೇನೆ. ತಪ್ಪನ್ನು ಸರಿ ಅನ್ನುವುದಕ್ಕಲ್ಲ, ಸರಿಮಾಡಬೇಕಾದವರು ಯಾರು ಅಂತ ತಿಳಿಯಲಿ ಅಂತ.

ಬೆಂಗಳೂರಿನಿಂದ ನಮ್ಮ ಹಬ್‌ಗೆ ಪಾರ್ಸೆಲ್ ತರುವ ಲೈನ್ ಗಾಡಿ ರಾತ್ರಿ ಹೊರಡುತ್ತೆ. ಹೈವೇ 48ರಲ್ಲಿ ಸುಮಾರು 260 ಕಿ.ಮೀ. ಬೆಳಗಿನ ಜಾವ ಬಂದರೆ ಸ್ಕ್ಯಾನ್ ಮಾಡಿ, ರೂಟ್ ಪ್ರಕಾರ ವಿಂಗಡಿಸಿ, ಎಂಟೂವರೆ ಒಂಬತ್ತಕ್ಕೆ ನಾವು ಹೊರಡಬಹುದು. ದಾರಿಯಲ್ಲಿ ಎಲ್ಲಾದರೂ ಜಾಮ್ ಆಗಿ ಗಾಡಿ ಹತ್ತು ಗಂಟೆಗೆ ಬಂದರೆ ನಾವು ಹೊರಡುವುದು ಹನ್ನೆರಡಕ್ಕೆ. ಪಾರ್ಸೆಲ್ ಮಾತ್ರ ಅಷ್ಟೇ ಇರುತ್ತವೆ. ರಾತ್ರಿ ಆ್ಯಪ್ ಮುಚ್ಚುವ ಮುಂಚೆ ಪ್ರತಿ ಪಾರ್ಸೆಲ್‌ಗೂ ಒಂದು ಕಾರಣ ಒತ್ತಲೇಬೇಕು. "ಸಮಯ ಸಾಲಲಿಲ್ಲ" ಅನ್ನುವ ಆಯ್ಕೆಯೇ ಕೆಲವು ಆ್ಯಪ್‌ಗಳಲ್ಲಿ ಇರುವುದಿಲ್ಲ. ಇದ್ದರೂ ಅದನ್ನು ಒತ್ತಿದರೆ ಹಬ್‌ನ ಅಂಕ ಕಮ್ಮಿ ಆಗುತ್ತೆ, ಮಾರನೇ ದಿನ ಎಲ್ಲರ ಮುಂದೆ ಬೈಗುಳ. ಹುಡುಗರು ಆಗ "ಬಾಗಿಲು ಹಾಕಿತ್ತು" ಒತ್ತುತ್ತಾರೆ. ಲೈನ್ ಗಾಡಿ ತಡವಾದದ್ದಕ್ಕೆ ಹುಡುಗ ಸುಳ್ಳುಗಾರ ಆಗುತ್ತಾನೆ, ನಿಮಗೆ ಔಷಧಿ ತಡ ಆಗುತ್ತೆ. ಹಬ್ ದಾಖಲೆಯಲ್ಲಿ ಮಾತ್ರ ಗ್ರಾಹಕರು ಮನೆಯಲ್ಲಿ ಇರಲಿಲ್ಲ ಅಂತ ಆಗುತ್ತೆ.

ಹೀಗಾದಾಗ ನೀವು ದೂರು ಕೊಡಿ ಅಕ್ಕಾ, ಖಂಡಿತ ಕೊಡಿ. ಆದರೆ "ಡೆಲಿವರಿ ಹುಡುಗ ಸರಿಯಿಲ್ಲ" ಅಂತ ಬರೆಯುವ ಬದಲು "ಯಾರೂ ಬಂದಿಲ್ಲ, ಕಾಲ್ ಬಂದಿಲ್ಲ, ಸಿಸಿಟಿವಿ ಇದೆ" ಅಂತ ಬರೆಯಿರಿ. ಆಗ ಹಬ್‌ನವರು ಉತ್ತರ ಕೊಡಬೇಕಾಗುತ್ತೆ.

ಎಂಸಿಸಿ ಬಿ ಬ್ಲಾಕ್ ನಿವಾಸಿ

ಇದು ಗೊತ್ತಿರಲಿಲ್ಲ. ಇನ್ನು ಮುಂದೆ ಹಾಗೇ ಬರೆಯುತ್ತೇನೆ. ಬೇಸಿಗೆಯಲ್ಲಿ ಬಂದವರು ನಮ್ಮ ಮನೆಯಲ್ಲಿ ನೀರು ಕೇಳಿ ಕುಡಿಯಿರಿ. ಕೇಳುವುದಕ್ಕೆ ಸಂಕೋಚ ಬೇಡ.

ಚಳ್ಳಕೆರೆ ಸೀಮೆ

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಬ್ರಾಂಚ್ ಪೋಸ್ಟ್ ಆಫೀಸಿನಲ್ಲಿ ಎಬಿಪಿಎಂ (ಅಸಿಸ್ಟೆಂಟ್ ಬ್ರಾಂಚ್ ಪೋಸ್ಟ್‌ಮಾಸ್ಟರ್). ಜಿಡಿಎಸ್ ಬಗ್ಗೆ ಕೇಳಿದ್ದೀರಲ್ಲ ತಮ್ಮ, ಹೇಳುತ್ತೇನೆ.

ಪರೀಕ್ಷೆ ಇಲ್ಲ. ಹತ್ತನೇ ತರಗತಿ ಅಂಕದ ಮೇಲೆ ಮೆರಿಟ್ ಲಿಸ್ಟ್. ಗಣಿತ, ಇಂಗ್ಲಿಷ್ ಪಾಸಾಗಿರಬೇಕು, ಕನ್ನಡ ಓದಿರಬೇಕು. ವಯಸ್ಸು 18ರಿಂದ 40. ಸೈಕಲ್ ಹೊಡೆಯಲು ಬರಬೇಕು, ಬೈಕ್ ಬಂದರೂ ಆಗುತ್ತೆ. ಬಿಪಿಎಂಗೆ (ಬ್ರಾಂಚ್ ಪೋಸ್ಟ್‌ಮಾಸ್ಟರ್) ಶುರುವಿಗೆ 12,000, ಎಬಿಪಿಎಂ ಮತ್ತು ಡಾಕ್ ಸೇವಕರಿಗೆ 10,000, ಅದರ ಮೇಲೆ ತುಟ್ಟಿಭತ್ಯೆ. ಕೆಲಸ ದಿನಕ್ಕೆ ನಾಲ್ಕರಿಂದ ಐದು ಗಂಟೆ ಅಂತ ಲೆಕ್ಕ. ಬೇರೆ ಆದಾಯ ಇರಬೇಕು ಅಂತಲೇ ನಿಯಮ. ಇದು ಪೂರ್ತಿ ಸರ್ಕಾರಿ ನೌಕರಿ ಅಲ್ಲ, ಅದು ಅಮ್ಮನಿಗೂ ಗೊತ್ತಿರಲಿ. ಆದರೆ ತಿಂಗಳಿಗೆ ಸರಿಯಾಗಿ ಕೈಗೆ ಬರುತ್ತೆ, ಇಲಾಖೆಯ ಪರೀಕ್ಷೆ ಬರೆದು ಪೋಸ್ಟ್‌ಮ್ಯಾನ್ ಆಗುವ ದಾರಿಯೂ ಇದೆ. ಅಂಕ ಚೆನ್ನಾಗಿದ್ದರೆ ಅರ್ಜಿ ಹಾಕಿಬಿಡಿ. ಗಾಡಿ ಕೆಲಸ ಮಾಡುತ್ತಲೇ ಅರ್ಜಿ ಹಾಕಬಹುದು.

ನಮ್ಮ ಸೀಮೆಯ ವಿಳಾಸದ ಬಗ್ಗೆ ಒಂದು ಮಾತು. ಇಲ್ಲಿ ಊರಿಗೊಂದು ಗೊಲ್ಲರಹಟ್ಟಿ ಇದೆ. ಲಂಬಾಣಿ ತಾಂಡಾಗಳಿವೆ. ಪಾರ್ಸೆಲ್ ಮೇಲೆ ಬರೀ "ಗೊಲ್ಲರಹಟ್ಟಿ" ಅಂತ ಇದ್ದರೆ ಯಾವ ಊರಿನದು ಅಂತ ಮೂಲ ಹಳ್ಳಿ ಹೆಸರು ಇಲ್ಲದೆ ಗೊತ್ತಾಗಲ್ಲ. ಒಂದೇ ಪಿನ್ ಒಳಗೆ ಹತ್ತಾರು ಹಳ್ಳಿ. ನಮಗೆ ಹೆಸರು ನೋಡಿದರೆ ಮನೆ ಗೊತ್ತು, ಯಾಕೆಂದರೆ ಅದೇ ಮನೆಗೆ ಪಿಂಚಣಿ ದುಡ್ಡು ಕೊಟ್ಟಿರುತ್ತೇವೆ, ಆರ್‌ಪಿಎಲ್‌ಐ (ಗ್ರಾಮೀಣ ಅಂಚೆ ಜೀವ ವಿಮೆ) ಕಂತು ಕಟ್ಟಿಸಿಕೊಂಡಿರುತ್ತೇವೆ. ಹೊರಗಿನಿಂದ ಬಂದ ಕೊರಿಯರ್ ಹುಡುಗರಿಗೆ ಪಾಪ ಏನೂ ಗೊತ್ತಿರುವುದಿಲ್ಲ. ಬಿಸಿಲಲ್ಲಿ ನಮ್ಮ ಆಫೀಸ್ ಮುಂದೆ ಬಂದು ನಿಂತು ಕೇಳುತ್ತಾರೆ. ನಾವು ದಾರಿ ಹೇಳಿ ಕಳಿಸುತ್ತೇವೆ. ಒಂದೇ ಕೆಲಸ ಮಾಡುವವರು ನಾವು, ಚೀಲದ ಬಣ್ಣ ಬೇರೆ ಅಷ್ಟೇ.

ಕೋಟೆ ಬೀದಿ

ಡಿಜಿಪಿನ್ ಬಗ್ಗೆ ಯಾರೂ ಹೇಳಲಿಲ್ಲ. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ತಂದಿದೆ. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚೌಕಗಳಾಗಿ ಮಾಡಿ, ಪ್ರತಿ ಚೌಕಕ್ಕೂ ಹತ್ತು ಅಕ್ಷರ ಮತ್ತು ಅಂಕಿ ಸೇರಿದ ಕೋಡ್ ಕೊಟ್ಟಿದ್ದಾರೆ. ಇಲಾಖೆಯ ವೆಬ್‌ಸೈಟ್‌ನಲ್ಲಿ ನಮ್ಮ ಮನೆ ಜಾಗ ಒತ್ತಿದರೆ ಕೋಡ್ ಬರುತ್ತೆ. ಹಟ್ಟಿ, ತಾಂಡಾ, ತೋಟದ ಮನೆ ಇರುವವರು ಅದನ್ನು ವಿಳಾಸದ ಕೊನೆಗೆ ಬರೆದರೆ ಹುಡುಕುವುದು ಸುಲಭ ಅಲ್ವಾ?

ಚಳ್ಳಕೆರೆ ಸೀಮೆ

ಒಳ್ಳೆಯದೇ. ಆದರೆ ಪಿನ್ ಬದಲಿಗೆ ಅಲ್ಲ, ಪಿನ್ ಜೊತೆಗೆ ಬರೆಯಬೇಕು. ಸದ್ಯಕ್ಕೆ ನಮ್ಮ ಕಡೆ ಯಾರೂ ಬರೆಯುವುದನ್ನು ನಾನು ನೋಡಿಲ್ಲ. ಮೂಲ ಹಳ್ಳಿ ಹೆಸರು, ತಂದೆ ಅಥವಾ ಗಂಡನ ಹೆಸರು, ಹತ್ತಿರದ ಗುಡಿ ಅಥವಾ ಡೈರಿ. ಇಷ್ಟು ಇದ್ದರೂ ಪಾರ್ಸೆಲ್ ತಲುಪುತ್ತೆ.

ಜಾಲಿನಗರ ಸ್ಕೂಟಿ

ನಾನು ಹೆಣ್ಣುಮಗಳು, ಸ್ಕೂಟಿಯಲ್ಲಿ ಡೆಲಿವರಿ ಮಾಡುತ್ತೇನೆ. ಇಲ್ಲಿ ದುಡ್ಡಿನ ಲೆಕ್ಕ ಬಂತು, ವಿಳಾಸದ ಲೆಕ್ಕ ಬಂತು. ಮೈ ಲೆಕ್ಕ ಯಾರೂ ಹೇಳಲಿಲ್ಲ.

ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ದಾವಣಗೆರೆ ರಸ್ತೆ ಕಾದ ಹೆಂಚು. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನದ ಒಳಗೆ ಮನೆಗಳನ್ನು ಮುಗಿಸಿ, ಬಿಸಿಲು ಏರಿದ ಮೇಲೆ ಅಂಗಡಿ, ಆಫೀಸು, ಆಸ್ಪತ್ರೆ ಡೆಲಿವರಿ ಇಟ್ಟುಕೊಳ್ಳುತ್ತೇನೆ. ಅಲ್ಲಾದರೆ ಎರಡು ನಿಮಿಷ ನೆರಳಲ್ಲಿ ನಿಲ್ಲಬಹುದು. ನೀರು ಕಮ್ಮಿ ಕುಡಿಯಬೇಡಿ. ಹೆಣ್ಣುಮಕ್ಕಳು ಟಾಯ್ಲೆಟ್ ಇಲ್ಲ ಅಂತ ನೀರೇ ಕುಡಿಯಲ್ಲ. ಆಮೇಲೆ ಕಲ್ಲು, ಇನ್ಫೆಕ್ಷನ್ ಅಂತ ಆಸ್ಪತ್ರೆಗೆ ಸುರಿಯುತ್ತಾರೆ. ಪೆಟ್ರೋಲ್ ಬಂಕ್‌ಗಳಲ್ಲಿ ಟಾಯ್ಲೆಟ್ ಇರುತ್ತೆ, ಕೇಳಿದರೆ ಬಿಡುತ್ತಾರೆ. ನಿಮ್ಮ ರೂಟ್‌ನಲ್ಲಿ ಯಾವ ಬಂಕ್‌ನಲ್ಲಿ ಸ್ವಚ್ಛ ಇದೆ ಅಂತ ಮೊದಲ ವಾರವೇ ನೋಡಿಟ್ಟುಕೊಳ್ಳಿ.

ಹಬ್‌ನವರು ನಮಗೆ ಒಂದು ಟಾಯ್ಲೆಟ್, ಕುಡಿಯುವ ನೀರು, ಕೂರಲು ಫ್ಯಾನ್ ಇರುವ ಜಾಗ ಕೊಡಬೇಕು. ಇದನ್ನು ನಾವು ಉಪಕಾರ ಅಂತ ಕೇಳಬಾರದು. ದೇಹ ಹಾಳಾದರೆ ಈ ಕೆಲಸದಲ್ಲಿ ರಜೆಯ ಸಂಬಳ ಇಲ್ಲ.

ಆನಗೋಡು ಹುಡುಗ

ಅಕ್ಕಾ, ಆಕ್ಸಿಡೆಂಟ್ ಆದರೆ ಏನು ಗತಿ? ಹಬ್‌ನವರು ಇನ್ಶೂರೆನ್ಸ್ ಬಗ್ಗೆ ಏನೂ ಹೇಳಲಿಲ್ಲ.

ಹೊಳಲ್ಕೆರೆ ರಸ್ತೆ

ನಾನು ಚಿತ್ರದುರ್ಗದಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಸೆಂಟರ್ ನಡೆಸುತ್ತೇನೆ. ಡೆಲಿವರಿ ಹುಡುಗರು ಬರುತ್ತಾರೆ. ಸೌಲಭ್ಯ ಇದೆ, ಗೊತ್ತಿರುವವರು ಕಮ್ಮಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇ-ಶ್ರಮ್ ಕಾರ್ಡ್ (ಅಸಂಘಟಿತ ಕಾರ್ಮಿಕರ ನೋಂದಣಿ ಕಾರ್ಡ್) ಮಾಡಿಸಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಾಕು. ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಮಾಡಿದ ಕೆಲಸದ ಲೆಕ್ಕದಲ್ಲಿ ದುಡ್ಡು ಪಡೆಯುವವರ) ವಿಮಾ ಯೋಜನೆ 2023ರ ಬಜೆಟ್‌ನಲ್ಲಿ ಬಂತು. 2 ಲಕ್ಷ ಜೀವ ವಿಮೆ, 2 ಲಕ್ಷ ಅಪಘಾತ ವಿಮೆ. ಕಾರ್ಮಿಕ ಕಂತು ಕಟ್ಟುವಂತಿಲ್ಲ, ಸರ್ಕಾರವೇ ಕಟ್ಟುತ್ತೆ. ಅಪಘಾತವಾಗಿ ಆಸ್ಪತ್ರೆ ಸೇರಿದರೆ 1 ಲಕ್ಷದವರೆಗೆ ಖರ್ಚು ಸಿಗುತ್ತೆ. ಪಿಎಫ್, ಇಎಸ್‌ಐ ಇರುವವರಿಗೆ ಇದು ಬರಲ್ಲ.

ಎರಡನೆಯದು 2025ರಲ್ಲಿ ಬಂದ ರಾಜ್ಯದ ಪ್ಲಾಟ್‌ಫಾರ್ಮ್ ಗಿಗ್ ಕಾರ್ಮಿಕರ ಕಾಯ್ದೆ. ಊಟ ತರುವವರು, ಕ್ಯಾಬ್ ಓಡಿಸುವವರು ಮಾತ್ರ ಅಲ್ಲ, ಆ್ಯಪ್ ಮೂಲಕ ಕೆಲಸ ಮಾಡುವ ಲಾಜಿಸ್ಟಿಕ್ಸ್‌ನವರೂ ಅದರಲ್ಲಿ ಬರುತ್ತಾರೆ. ಕಾರ್ಮಿಕನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಕಂಪನಿ ಶೇ. 1ರಿಂದ 5ರವರೆಗೆ ಕ್ಷೇಮಾಭಿವೃದ್ಧಿ ಶುಲ್ಕ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುಂಚೆ ಕಾರಣ ತಿಳಿಸಿ 14 ದಿನದ ನೋಟಿಸ್ ಕೊಡಬೇಕು. ದುಡ್ಡು ಕಡಿತ ಮಾಡಿದರೆ ಯಾಕೆ ಅಂತ ಹೇಳಬೇಕು. ಸುಮ್ನೆ ಐಡಿ ಬ್ಲಾಕ್ ಮಾಡಿ ಕೂರುವಂತಿಲ್ಲ.

ಒಂದು ಎಚ್ಚರಿಕೆ. ಎಷ್ಟೋ ಹಬ್‌ಗಳಲ್ಲಿ ಕಂಪನಿ ಮತ್ತು ಡ್ರೈವರ್ ನಡುವೆ ಒಬ್ಬ ಗಾಡಿ ಗುತ್ತಿಗೆದಾರ ಇರುತ್ತಾನೆ. ನಿಮಗೆ ದುಡ್ಡು ಕೊಡುವವನು ಅವನು. ನಾಳೆ ತೊಂದರೆ ಆದಾಗ ಕಂಪನಿಯವರು "ಇವನು ನಮ್ಮವನಲ್ಲ" ಅನ್ನುತ್ತಾರೆ. ಹಾಗಾಗಿ ನಿಮ್ಮ ಐಡಿ ಯಾರ ಹೆಸರಲ್ಲಿ ಇದೆ, ದುಡ್ಡು ಯಾರ ಖಾತೆಯಿಂದ ಬರುತ್ತೆ ಅಂತ ನೋಡಿ, ಆ್ಯಪ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೆಲಸ ಕೊಡುತ್ತೇವೆ, ಮೊದಲು ಠೇವಣಿ ಕಟ್ಟಿ ಅಂತ ಫೋನ್‌ನಲ್ಲಿ ಕೇಳುವವರ ಹತ್ತಿರ ಹೋಗಲೇಬೇಡಿ.

ಜಾಲಿನಗರ ಸ್ಕೂಟಿ

ಸರ್, ನಮ್ಮ ಸ್ಕೂಟಿಗೆ ಬಿಳಿ ಬೋರ್ಡ್, ಸಾಮಾನ್ಯ ಇನ್ಶೂರೆನ್ಸ್. ಡೆಲಿವರಿ ಮಾಡುವಾಗ ಬಿದ್ದರೆ ಕ್ಲೇಮ್ ಸಿಗುತ್ತಾ?

ಹೊಳಲ್ಕೆರೆ ರಸ್ತೆ

ಸ್ವಂತ ಬಳಕೆಯ ಪಾಲಿಸಿಯಲ್ಲಿ ಬಾಡಿಗೆಗೆ, ದುಡಿಮೆಗೆ ಓಡಿಸಬಾರದು ಅಂತ ಷರತ್ತು ಇರುತ್ತೆ. ಅದನ್ನು ತೋರಿಸಿ ಗಾಡಿ ರಿಪೇರಿ ಕ್ಲೇಮ್ ನಿರಾಕರಿಸಬಹುದು. ಪಾಲಿಸಿ ಮಾಡಿಸುವಾಗಲೇ ಡೆಲಿವರಿ ಕೆಲಸ ಅಂತ ಏಜೆಂಟ್‌ಗೆ ಹೇಳಿ, ಅದಕ್ಕೆ ಹೊಂದುವ ಪಾಲಿಸಿ ಕೇಳಿ. ಇ-ಶ್ರಮ್ ಮೂಲಕ ಬರುವ ವಿಮೆ ಬೇರೆ, ಅದು ನಿಮ್ಮ ಜೀವಕ್ಕೆ. ಗಾಡಿಗೂ ಅದಕ್ಕೂ ಸಂಬಂಧ ಇಲ್ಲ.

ಹರಿಹರದ ಏಸ್

ಆನಗೋಡು ತಮ್ಮ, ಗಾಡಿ ತುಂಬುವುದರ ಬಗ್ಗೆ ಹೇಳಿಬಿಡುತ್ತೇನೆ. ಕೊನೆಯ ಊರಿನ ಪಾರ್ಸೆಲ್ ಮೊದಲು ಒಳಗೆ ಹೋಗಬೇಕು, ಮೊದಲ ಊರಿನದು ಕೊನೆಗೆ ಬಾಗಿಲ ಹತ್ತಿರ. ಪ್ರತಿ ಪಾರ್ಸೆಲ್ ಮೇಲೆ ದಪ್ಪ ಮಾರ್ಕರ್‌ನಲ್ಲಿ ಊರಿನ ಮೊದಲ ಅಕ್ಷರ, ಕ್ರಮದ ಅಂಕಿ ಬರೆಯಿರಿ. ಕ್ಯಾಶ್ ಇರುವ ಪಾರ್ಸೆಲ್‌ಗೆ ಒಂದು ಗೆರೆ. ಹೊರಡುವ ಮುಂಚೆ ಹಳ್ಳಿ ಪಾರ್ಸೆಲ್‌ಗಳಿಗೆ ಫೋನ್ ಮಾಡಿ, "ಇವತ್ತು ಇರುತ್ತೀರಾ, ದುಡ್ಡು ರೆಡಿ ಇದೆಯಾ, ಓಟಿಪಿ ಯಾರ ಫೋನಿಗೆ ಬರುತ್ತೆ" ಅಂತ ಮೂರು ಮಾತು ಕೇಳಿ. ಇಲ್ಲ ಅಂದವರ ಪಾರ್ಸೆಲ್ ಗಾಡಿಗೆ ಹತ್ತಿಸಲೇಬೇಡಿ, ಹಬ್‌ನಲ್ಲೇ ನಾಳೆಗೆ ಇಡಿಸಿ. ಹೊತ್ತು ಹೋಗಿ ವಾಪಸ್ ತರುವುದಕ್ಕಿಂತ ಇದು ಎಷ್ಟೋ ವಾಸಿ. ಕೆಲವು ಹಬ್‌ಗಳಲ್ಲಿ ಇದಕ್ಕೆ ಒಪ್ಪಲ್ಲ, ಎಲ್ಲವನ್ನೂ ಹೊರಗೆ ತೆಗೆದುಕೊಂಡು ಹೋಗು ಅಂತಾರೆ. ಒಪ್ಪುತ್ತಾರಾ ಅಂತ ಸೇರುವ ಮುಂಚೆಯೇ ಕೇಳಿ.

ಸಂಜೆ ಕ್ಯಾಶ್ ಕಟ್ಟುವಾಗ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ವಾಪಸ್ ಕೊಟ್ಟ ಪಾರ್ಸೆಲ್‌ಗಳನ್ನು ನಿಮ್ಮ ಎದುರಿಗೇ ಸ್ಕ್ಯಾನ್ ಮಾಡಿಸಿ. ನಾಳೆ ಒಂದು ಕಾಣೆಯಾದರೆ ಅದರ ಬೆಲೆ ಡ್ರೈವರ್ ಬಿಲ್‌ನಲ್ಲಿ ಕಡಿತ ಆಗುತ್ತೆ.

ಆನಗೋಡು ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆರ್‌ಸಿ ನೋಡಿದೆ, ಎಫ್‌ಸಿ ಮುಗಿಯಲು ಇನ್ನೂ ನಾಲ್ಕು ತಿಂಗಳು ಇದೆ. ನಾಳೆ ಹಬ್‌ಗೆ ಹೋಗುತ್ತೇನೆ. ತಲುಪದ ಪಾರ್ಸೆಲ್‌ಗೆ ಎಷ್ಟು, ಜಗಳೂರು ರೂಟ್‌ಗೆ ತಿಂಗಳ ಬಾಡಿಗೆ ಕೊಡುತ್ತಾರಾ, ಫೋನ್ ಎತ್ತದ ಪಾರ್ಸೆಲ್ ಹಬ್‌ನಲ್ಲೇ ಬಿಡಬಹುದಾ, ಐಡಿ ಯಾರ ಹೆಸರಲ್ಲಿ, ಇಷ್ಟನ್ನು ಕೇಳುತ್ತೇನೆ. ಬರೆದುಕೊಡಲು ಒಪ್ಪದಿದ್ದರೆ ಸಿಟಿ ಒಳಗಿನ ರೂಟ್ ಕೇಳುತ್ತೇನೆ. ಜಿಡಿಎಸ್ ಅರ್ಜಿಯನ್ನೂ ಹಾಕುತ್ತೇನೆ, ಅಮ್ಮನಿಗೆ ಚಳ್ಳಕೆರೆ ಅಕ್ಕನ ಉತ್ತರ ಓದಿ ಹೇಳಿದೆ.

ಹರಿಹರದ ಏಸ್

ಹೋಗುವುದಾದರೆ ಬೆಳಗ್ಗೆ ಏಳಕ್ಕೇ ಹೋಗಿ. ಆಗ ಮ್ಯಾನೇಜರ್ ಇರಲ್ಲ, ಡ್ರೈವರ್‌ಗಳು ಗಾಡಿ ತುಂಬುತ್ತಿರುತ್ತಾರೆ. ಈಗ ಜಗಳೂರು ರೂಟ್ ಓಡಿಸುತ್ತಿರುವವನು ಯಾರು, ಅವನು ಯಾಕೆ ಬಿಡುತ್ತಿದ್ದಾನೆ ಅಂತ ವಿಚಾರಿಸಿ. ಒಪ್ಪಿದರೆ ಒಂದು ದಿನ ಅವನ ಪಕ್ಕದ ಸೀಟಿನಲ್ಲಿ ಕೂತು ರೂಟ್ ಪೂರ್ತಿ ನೋಡಿ ಬನ್ನಿ. ಮ್ಯಾನೇಜರ್ ಹತ್ತಿರ ಆಮೇಲೆ ಮಾತಾಡಿ.